ಇಂಗ್ಲಿಷು ಕಲಿಯುವ ಹುಡುಗನ ತಪ್ಪು

ಉಪಾಧ್ಯಾಯರು ಇಂಗ್ಲಿಷಿನ ಉತ್ತರಪತ್ರಿಕೆಗಳನ್ನು ತಿದ್ದುವ ಹೊತ್ತಿನಲ್ಲಿ ಹತ್ತಿರ ಕುಳಿತವರಿಗೆ, "ಈ ಹುಡುಗನಿಗೆ ತಲೆಯೇ ಇಲ್ಲ" ಎಂಬ ಉದ್ಗಾರವು ಆಗಾಗ ಕೇಳಿಬರುವುದುಂಟು. ಕಾಗದದ ಮೇಲಿನ ತಪ್ಪು ತಪ್ಪೇ ಸರಿ. ಆದರೆ ಆ ತಪ್ಪಿನಿಂದ ಹುಡುಗನ ತಲೆಯನ್ನು ಅಳೆಯುವುದು ನ್ಯಾಯವೇ ಎಂಬುದನ್ನು ಕೊಂಚ ವಿಚಾರಿಸಬೇಕಾಗಿದೆ.

ಹುಡುಗನು 'ಮೈ ಫಾದರ್ ಫಾರ್ಮರ್' ಎಂದು ಬರೆದಿರುತ್ತಾನೆ. ಕನ್ನಡದಲ್ಲಿ 'ನನ್ನ ತಂದೆ ರೈತ' ಎಂದರೆ ವಾಕ್ಯವು ಪೂರ್ಣವಾಯಿತು, ಕ್ರಿಯಾಪದದ ಹಂಗಿಲ್ಲ. ಇಂಗ್ಲಿಷಿಗಾದರೋ ನಡುವೆ 'ಈಸ್' ಬೇಕು, ಮೇಲೆ 'ಎ' ಎಂಬುದೊಂದು ಬೇಕು. ಈ 'ಎ', 'ದಿ'ಗಳಂತೆ ನಾಮಪದಕ್ಕೆ ತಪ್ಪದೆ ಕಾವಲು ನಿಲ್ಲುವ ಶಬ್ದಗಳು ನಮ್ಮ ನುಡಿಯಲ್ಲಿಲ್ಲ. ಹುಡುಗನು ತನ್ನ ಮನೆಯ ವ್ಯಾಕರಣವನ್ನು ನಿಷ್ಠೆಯಿಂದ ನಡೆಸಿದ್ದಾನೆ, ಅಷ್ಟೆ.

'ಸ್ಕೂಲ್' ಎನ್ನಲಾರದೆ ಅವನು 'ಇಸ್ಕೂಲು' ಎನ್ನುತ್ತಾನೆ, ತರಗತಿಯೆಲ್ಲ ನಗುತ್ತದೆ. ಮೊದಲಿನ ಒತ್ತಕ್ಷರವನ್ನು ಸಡಿಲಿಸಲು ಒಂದು ಸ್ವರ, ಕಡೆಯ ವ್ಯಂಜನಕ್ಕೆ ಆಸರೆಯಾಗಿ ಮತ್ತೊಂದು ಸ್ವರ. 'ಶ್ರೀ'ಯು 'ಸಿರಿ'ಯಾದುದೂ, 'ಮನಸ್' ಎಂಬುದು 'ಮನಸು' ಆದುದೂ ಇಂತಹ ಒಲವಿನಿಂದಲೇ. ಅಲ್ಲಿ ತದ್ಭವವೆಂದು ಆದರಿಸುವ ನಾವು ಇಲ್ಲಿ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇವೆ!

ಎಲ್ಲ ತಪ್ಪುಗಳೂ ಕನ್ನಡದಿಂದ ಬಂದವಲ್ಲ. 'ಗೋ' ಎಂಬ ಧಾತುವಿಗೆ ಭೂತಕಾಲದ ಪ್ರತ್ಯಯವನ್ನು ಹತ್ತಿಸಿ 'ಗೋಡ್' ಎಂದವನು 'ವೆಂಟ್' ಎಂಬ ರೂಪವನ್ನು ಅರಿಯನು. ಆದರೆ ನಿಯಮವನ್ನು ಅರಿತಿದ್ದಾನೆ. ಇಂಗ್ಲೆಂಡಿನ ಎಳೆಯ ಮಕ್ಕಳೂ ಹೀಗೆಯೇ ಆಡುತ್ತಾರೆ. ಅಲ್ಲಿ ತಾಯಿಗೆ ಅದು ಮುದ್ದು ಮಾತು. ಇಲ್ಲಿ ಅದಕ್ಕೆ ಕೆಂಪು ಗೆರೆ.

1967ರಲ್ಲಿ ಕಾರ್ಡರ್ ಎಂಬ ವಿದ್ವಾಂಸರು ಒಂದು ಲೇಖನವನ್ನು ಬರೆದು, ಕಲಿಯುವವನ ತಪ್ಪುಗಳು ಅವನು ಎಷ್ಟು ದೂರ ನಡೆದಿದ್ದಾನೆಂಬುದನ್ನು ಉಪಾಧ್ಯಾಯನಿಗೆ ತಿಳಿಸುತ್ತವೆಂದು ವಾದಿಸಿದರು. 1972ರಲ್ಲಿ ಸೆಲಿಂಕರ್ ಎಂಬವರು, ಮಾತೃಭಾಷೆಗೂ ಕಲಿಯುವ ಭಾಷೆಗೂ ನಡುವೆ ಕಲಿಯುವವನಿಗೆ ತನ್ನದೇ ಕಟ್ಟಡವುಳ್ಳ ನಡುನುಡಿಯೊಂದಿರುತ್ತದೆಂದರು. ಇವು ದೂರದ ಮಾತುಗಳೆನ್ನುವವರು ಬೆಂಗಳೂರನ್ನು ನೆನೆಯಬಹುದು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮುಂತಾದ ಕಡೆಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗವು ನಡೆಯಿತು. ವ್ಯಾಕರಣಪಾಠವನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿಯನ್ನು ಓದಿ ಲೆಕ್ಕಹಾಕುವಂತಹ ಕೆಲಸಗಳನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿದರು. ಉಪಾಧ್ಯಾಯರು ಮೊದಲು ಉತ್ತರವು ಸರಿಯೇ ಎಂದು ನೋಡಿದರು. ಭಾಷೆಯ ತಪ್ಪನ್ನು ಸಂದರ್ಭ ಬಂದಂತೆ ತಿದ್ದಿದರು.

ಉಪಾಧ್ಯಾಯರ ಕಷ್ಟವೂ ಸಣ್ಣದಲ್ಲ. ಕಿಕ್ಕಿರಿದ ತರಗತಿ, ಮುಂದೆ ಪರೀಕ್ಷೆ. ಪರೀಕ್ಷಕನು 'ಗೋಡ್' ಎಂಬುದಕ್ಕೆ ಅಂಕ ಕೊಡನು. ತಿದ್ದದೆ ಬಿಡುವ ದಾಕ್ಷಿಣ್ಯವೂ ಹುಡುಗನಿಗೆ ಅಪಕಾರವೇ. ಆದರೆ ತಿದ್ದುವುದು ಬೇರೆ, ನಾಚಿಸುವುದು ಬೇರೆ. ಒಮ್ಮೆ ನಗೆಗೀಡಾದ ಮಗುವು ಮರುದಿನ ಬಾಯಿ ತೆರೆಯದು. ಬಾಯಿ ತೆರೆಯದ ಮಗುವು ತಪ್ಪು ಮಾಡುವುದಿಲ್ಲ; ಇಂಗ್ಲಿಷನ್ನು ಕಲಿಯುವುದೂ ಇಲ್ಲ. ಲೆಕ್ಕದಲ್ಲಿ ಚುರುಕಾದ ಎಷ್ಟೋ ಹುಡುಗಿಯರು ಹೀಗೆ ಹಿಂದಿನ ಬೆಂಚಿಗೆ ಸರಿದುಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವರ ಹೆಸರಿನ ಮುಂದೆ ದಿನವೂ ಗುರುತು ಬೀಳುತ್ತಿರುತ್ತದೆ.