ಕ್ಯೂಆರ್ ಚೀಟಿ ಕಿತ್ತದ್ದು, ಮತ್ತೆ ಅಂಟಿಸಿದ್ದು

ನಮ್ಮದು ಕುಮಟಾ ಬದಿಯ ಮಕ್ಕಿಗದ್ದೆ. ಮಳೆ ನಂಬಿ ಭತ್ತ, ಆಮೇಲೆ ಬಾವಿನೀರು ಹೊತ್ತು ಸಿಹಿ ಈರುಳ್ಳಿ. ಗೊಂಚಲು ಕಟ್ಟಿ ಅಳ್ವೆಕೋಡಿ ಹೆದ್ದಾರಿ ಬದಿಗೆ ತೂಗಿದರೆ ಕಾರಿನವರು ಒಯ್ಯುತ್ತಾರೆ. ಗೊಬ್ಬರಕ್ಕೆಂದು ವ್ಯಾಪಾರಿಯ ಹತ್ರ ಮುಂಗಡ ತಗೊಂಡರೆ ಅವ ಹೇಳಿದ ದರಕ್ಕೇ ಕೊಡಬೇಕು. ಅದನ್ನು ತಪ್ಪಿಸುವುದು ಈ ರಸ್ತೆಬದಿಯ ದುಡ್ಡೇ.

ಮಗ ಕ್ಯೂಆರ್ ಚೀಟಿ ಅಂಟಿಸಿದ್ದ. 2025ರ ಜುಲೈನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂ. ಜಿಎಸ್‌ಟಿ ನೋಟಿಸು ಬಂದ ಸುದ್ದಿ ಕೇಳಿ ಕಿತ್ತುಹಾಕಿದೆ. ಅವರದ್ದು ನಾಲ್ಕು ವರ್ಷದ 1.63 ಕೋಟಿ ವ್ಯವಹಾರ. ಕೋಟಿಗೆ ಎಷ್ಟು ಸೊನ್ನೆ ಎಂದು ನಾನು ಬೆರಳು ಮಡಚಬೇಕು, ಆದರೂ ಹೆದರಿಕೆ! ಕಾರಿನವರು "ನಗದು ಇಲ್ಲ" ಎಂದು ಹೊರಟರು. ಉಳಿದಿದ್ದ ಗೊಂಚಲು ಮಳೆಯ ಥಂಡಿಗೆ ಕೊಳೆತವು.

ಕಡೆಗೆ ಪೇಟೆಯಲ್ಲಿ ಲೆಕ್ಕ ಬರೆಯುವವರನ್ನು ಕೇಳಿದೆ. ಸ್ವಂತ ಬೆಳೆ ಮಾರುವ ರೈತನಿಗೆ ಜಿಎಸ್‌ಟಿ ನೋಂದಣಿ ಬೇಡ. ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ತೆರಿಗೆಯ ಸರಕನ್ನೂ ಕೊಂಡು ಮಾರುವ ಅಂಗಡಿಯಾದರೆ, ಒಟ್ಟು ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದ ಮೇಲೆ ನೋಂದಣಿ. ನಮ್ಮ ವ್ಯಾಪಾರ ಒಂದು ಲಕ್ಷವೂ ಇಲ್ಲ ಮಾರಾಯ್ರೆ.

"ಆದರೆ ಈ ಜಮೆಯೆಲ್ಲ ಈರುಳ್ಳಿಯದ್ದೆಂದು ಹೇಗೆ ತೋರಿಸ್ತೀರಿ?" ಎಂದರು ಅವರು. ನಿಜ, ಮಗನ ಅದೇ ಖಾತೆಗೆ ಭಾವನ ಕೈಸಾಲ, ಚೀಟಿದುಡ್ಡು ಎಲ್ಲ ಬರುತ್ತಿತ್ತು. ಈಗ ಈರುಳ್ಳಿಗೆ ಬೇರೆ ಖಾತೆ. ಹೆಂಡತಿ ದಿನದ ಗೊಂಚಲು, ದರ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಚೀಟಿ ಮತ್ತೆ ಅಂಟಿಸಿದ್ದೇವೆ.