ಬಳಕೆಯಾಗದ ಅಸ್ತ್ರ

ಯುದ್ಧವನ್ನು ಗೆಲ್ಲುವ ಉಪಾಯಗಳನ್ನು ತಿಳಿಸುವ ವಿದ್ಯೆಯೇ ಯುದ್ಧತಂತ್ರ ಎಂಬ ಭಾವನೆ ಬಹುಕಾಲದಿಂದ ರೂಢಿಯಲ್ಲಿದ್ದಿತು. ದಂಡು ಎಲ್ಲಿ ಬೀಡುಬಿಡಬೇಕು, ಯಾವ ಹೊತ್ತಿನಲ್ಲಿ ಮುನ್ನುಗ್ಗಬೇಕು, ಶತ್ರುವಿಗೆ ದವಸಧಾನ್ಯ ಬರುವ ದಾರಿಯನ್ನು ಹೇಗೆ ಕಡಿಯಬೇಕು ಎಂಬುವು ಅದರ ಮುಖ್ಯ ಚಿಂತನೆಗಳಾಗಿದ್ದುವು. 1945ರ ಆಗಸ್ಟ್ ತಿಂಗಳಿನಲ್ಲಿ ಆ ವಿದ್ಯೆಯ ಅರ್ಥವೇ ಬದಲಾಯಿತು. ಆ ತಿಂಗಳ 6ರಂದು ಜಪಾನಿನ ಹಿರೋಶಿಮಾ ನಗರದ ಮೇಲೂ 9ರಂದು ನಾಗಸಾಕಿ ನಗರದ ಮೇಲೂ ಅಮೆರಿಕದ ವಿಮಾನಗಳು ಒಂದೊಂದು ಪರಮಾಣು ಬಾಂಬನ್ನು ಹಾಕಿದುವು. ಆ ವರ್ಷ ಮುಗಿಯುವುದರೊಳಗೆ ಹಿರೋಶಿಮಾದಲ್ಲಿ ಸುಮಾರು 1,40,000 ಜನರೂ ನಾಗಸಾಕಿಯಲ್ಲಿ ಸುಮಾರು 70,000 ಜನರೂ ಮಡಿದರು. ಒಂದು ವಿಮಾನ, ಒಂದು ಬಾಂಬು, ಒಂದು ನಗರ – ಯುದ್ಧದ ಲೆಕ್ಕಾಚಾರ ಇಷ್ಟು ಸಣ್ಣದಾಗಿಯೂ ಇಷ್ಟು ಘೋರವಾಗಿಯೂ ಹಿಂದೆಂದೂ ಇರಲಿಲ್ಲ.

ಅನಂತರದ ವರ್ಷಗಳಲ್ಲಿ ಜಗತ್ತು ಅನೇಕ ಯುದ್ಧಗಳನ್ನು ಕಂಡಿದೆ. ಅಣ್ವಸ್ತ್ರಗಳ ಸಂಖ್ಯೆ 1986ರ ವೇಳೆಗೆ ಸುಮಾರು 70,000ಕ್ಕೆ ಏರಿತ್ತು. ಹೀಗಿದ್ದರೂ ನಾಗಸಾಕಿಯ ಬಳಿಕ ಯಾವ ಯುದ್ಧದಲ್ಲಿಯೂ ಆ ಅಸ್ತ್ರ ಪ್ರಯೋಗವಾಗಿಲ್ಲ. ಅಸ್ತ್ರವನ್ನು ಹಿಡಿದ ಕೈಯನ್ನು ಇಷ್ಟು ಕಾಲ ತಡೆದುದು ಯಾವುದು? ಪ್ರತೀಕಾರದ ಭಯವೇ, ಅಥವಾ ಮಾನವನ ಅಂತಃಸಾಕ್ಷಿಯೇ? ಈ ಪ್ರಶ್ನೆಯನ್ನು ಎರಡು ದಿಕ್ಕುಗಳಿಂದ ಪರಿಶೀಲಿಸಿದವರಿಗೆ ಎರಡು ಅಂತರರಾಷ್ಟ್ರೀಯ ಪ್ರಶಸ್ತಿಗಳು ಸಂದಿವೆ. 2005ರಲ್ಲಿ ಯುದ್ಧತಂತ್ರದ ಚಿಂತಕ ಥಾಮಸ್ ಶೆಲ್ಲಿಂಗ್ ಅರ್ಥಶಾಸ್ತ್ರದ ಪ್ರಶಸ್ತಿಯನ್ನು ಪಡೆದರು. 2024ರಲ್ಲಿ ಬಾಂಬಿನ ದಾಳಿಯಿಂದ ಬದುಕಿ ಉಳಿದವರ ಸಂಸ್ಥೆಯಾದ 'ನಿಹೋನ್ ಹಿಡಾಂಕ್ಯೊ' ಶಾಂತಿ ಪ್ರಶಸ್ತಿಯನ್ನು ಪಡೆಯಿತು.

ಈ ಎರಡು ಪ್ರಶಸ್ತಿಗಳೊಡನೆಯೂ ಸೇರಿಕೊಂಡಿರುವ ಹೆಸರು ಆಲ್ಫ್ರೆಡ್ ನೊಬೆಲ್‌ನದು. ಸ್ವೀಡನ್ ದೇಶದ ಈ ರಸಾಯನ ವಿಜ್ಞಾನಿ 1867ರಲ್ಲಿ ಡೈನಮೈಟ್ ಎಂಬ ಸ್ಫೋಟಕಕ್ಕೆ ಹಕ್ಕುಪತ್ರ ಪಡೆದು ಅಪಾರ ಧನವನ್ನು ಗಳಿಸಿದನು. ಅವನ ಗೆಳತಿ ಬರ್ಥಾ ಫಾನ್ ಸುಟ್ನರ್ ಶಾಂತಿ ಸಮ್ಮೇಳನಗಳ ಮೂಲಕ ಯುದ್ಧವನ್ನು ನಿಲ್ಲಿಸಬಹುದೆಂದು ನಂಬಿದ್ದವಳು. ನೊಬೆಲ್‌ನ ಎಣಿಕೆ ಬೇರೆಯಾಗಿತ್ತು. ಎರಡು ಸೈನ್ಯಗಳು ಕ್ಷಣಮಾತ್ರದಲ್ಲಿ ಒಂದನ್ನೊಂದು ನಾಶಮಾಡಬಲ್ಲ ದಿನ ಬಂದರೆ ನಾಗರಿಕ ರಾಷ್ಟ್ರಗಳು ತಾವಾಗಿಯೇ ಯುದ್ಧದಿಂದ ಹಿಂಜರಿಯುವುವೆಂದು ಅವನು ಅವಳೊಡನೆ ವಾದಿಸುತ್ತಿದ್ದನು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ವಾದವಿದು. ಆದರೆ 1895ರಲ್ಲಿ ಬರೆದ ಮರಣಶಾಸನದಲ್ಲಿ ಅವನು ತನ್ನ ಹಣವನ್ನು ಇನ್ನಷ್ಟು ಭಯಂಕರವಾದ ಆಯುಧಗಳ ನಿರ್ಮಾಣಕ್ಕೆ ಮೀಸಲಿಡಲಿಲ್ಲ. ರಾಷ್ಟ್ರಗಳ ನಡುವೆ ಸೋದರಭಾವವನ್ನು ಬೆಳೆಸುವವರಿಗೆ, ಸೈನ್ಯಗಳನ್ನು ತಗ್ಗಿಸಲು ಶ್ರಮಿಸುವವರಿಗೆ, ಶಾಂತಿ ಸಮ್ಮೇಳನಗಳನ್ನು ನಡೆಸುವವರಿಗೆ ಒಂದು ಬಹುಮಾನವನ್ನು ಏರ್ಪಡಿಸಿದನು. 1905ರಲ್ಲಿ ಆ ಬಹುಮಾನ ಬರ್ಥಾ ಫಾನ್ ಸುಟ್ನರ್‌ಗೆ ದೊರೆಯಿತು. ಭಯದಿಂದ ಶಾಂತಿಯೋ, ಸೌಹಾರ್ದದಿಂದ ಶಾಂತಿಯೋ ಎಂಬ ದ್ವಂದ್ವ ಹೀಗೆ ನೊಬೆಲ್‌ನ ಮನಸ್ಸಿನಲ್ಲಿಯೇ ಇದ್ದಿತು.

ಭಯದ ಮಾರ್ಗವು ಅವನ ಕಾಲಾನಂತರ ಒಂದು ಶಾಸ್ತ್ರವಾಗಿಯೇ ಬೆಳೆಯಿತು. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟವೂ ಪರಮಾಣು ಬಾಂಬನ್ನು ಪರೀಕ್ಷಿಸಿದಾಗ ಅಮೆರಿಕದ ಏಕಸ್ವಾಮ್ಯ ಮುಗಿಯಿತು. ಈ ಅಸ್ತ್ರವನ್ನು ಅಡ್ಡಗಟ್ಟಿ ನಗರಗಳನ್ನು ಕಾಪಾಡುವ ಭರವಸೆ ಯಾರಿಗೂ ಇರಲಿಲ್ಲ. ಆದುದರಿಂದ, ಹೊಡೆತವನ್ನು ತಡೆಯುವುದಕ್ಕಿಂತ ಹೊಡೆಯಬೇಕೆಂಬ ಮನಸ್ಸನ್ನೇ ತಡೆಯಬೇಕೆಂಬ ನೀತಿ ರೂಪುಗೊಂಡಿತು. "ನೀನು ಹೊಡೆದರೆ ನಾನೂ ಹೊಡೆಯುತ್ತೇನೆ, ಇಬ್ಬರೂ ಉಳಿಯುವುದಿಲ್ಲ" ಎಂಬ ಬೆದರಿಕೆಯೇ ಇದರ ತಿರುಳು. ಇದನ್ನು ಪ್ರತಿಬಂಧ ನೀತಿ ಎನ್ನಬಹುದು.

ಈ ನೀತಿಯ ಒಳಗುಟ್ಟುಗಳನ್ನು ವಿವರಿಸಿದವರಲ್ಲಿ ಶೆಲ್ಲಿಂಗ್ ಅಗ್ರಗಣ್ಯರು. 1921ರಲ್ಲಿ ಅಮೆರಿಕದಲ್ಲಿ ಜನಿಸಿದ ಅವರು 1960ರಲ್ಲಿ 'ದಿ ಸ್ಟ್ರಾಟಜಿ ಆಫ್ ಕಾನ್‌ಫ್ಲಿಕ್ಟ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಒಬ್ಬನ ನಿರ್ಧಾರವು ಮತ್ತೊಬ್ಬನ ನಿರ್ಧಾರವನ್ನು ಅವಲಂಬಿಸಿರುವ ಸಂದರ್ಭಗಳನ್ನು ಗಣಿತದ ನೆರವಿನಿಂದ ಪರಿಶೀಲಿಸುವ 'ಆಟಗಳ ಸಿದ್ಧಾಂತ' ಅವರ ಚಿಂತನೆಗೆ ಆಧಾರವಾಗಿತ್ತು. ಇದನ್ನು ಒಂದು ಸಾಮ್ಯದಿಂದ ತಿಳಿಯಬಹುದು. ಇಕ್ಕಟ್ಟಾದ ಸೇತುವೆಯ ಮೇಲೆ ಎರಡು ಗಾಡಿಗಳು ಎದುರುಬದುರಾಗಿ ಓಡಿಬರುತ್ತಿವೆಯೆಂದು ಭಾವಿಸೋಣ. ಒಬ್ಬ ಗಾಡಿಯವನು ಎಲ್ಲರಿಗೂ ಕಾಣುವಂತೆ ತನ್ನ ಹಗ್ಗವನ್ನು ಕೈಬಿಟ್ಟರೆ, ತಾನು ನಿಲ್ಲಲಾರೆನೆಂದು ಸಾರಿದಂತಾಗುತ್ತದೆ. ಬದುಕುವ ಆಸೆಯಿದ್ದರೆ ಎದುರಿನವನೇ ನಿಲ್ಲಬೇಕು. ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದು ಹೀಗೆ ಒಮ್ಮೊಮ್ಮೆ ಬಲವಾಗಬಹುದು. ಆದರೆ ಇಬ್ಬರೂ ಹಗ್ಗವನ್ನು ಕೈಬಿಟ್ಟರೆ ಎರಡು ಗಾಡಿಗಳೂ ಹೊಳೆಯ ಪಾಲು. ಅಣ್ವಸ್ತ್ರ ಯುಗದ ಅಪಾಯವೂ ಇದೇ.

ಆದುದರಿಂದ ಶೆಲ್ಲಿಂಗ್ ಅವರ ಚಿಂತನೆ ಗೆಲುವಿಗಿಂತ ಸ್ಥಿರತೆಯ ಕಡೆಗೆ ಹರಿಯಿತು. ಮೊದಲು ಹೊಡೆದವನಿಗೆ ಲಾಭವಿದೆಯೆಂಬ ಸ್ಥಿತಿ ಇದ್ದರೆ ಉಭಯ ಪಕ್ಷಗಳೂ ಅವಸರಪಡುತ್ತವೆ. ಮೊದಲ ಹೊಡೆತ ಬಿದ್ದ ಮೇಲೂ ಮರುಹೊಡೆತ ಕೊಡುವ ಶಕ್ತಿ ಎರಡೂ ಕಡೆ ಉಳಿಯುವುದಾದರೆ ಅವಸರಕ್ಕೆ ಕಾರಣವಿಲ್ಲ. ಸಮುದ್ರದ ಆಳದಲ್ಲಿ ಅಡಗಿರುವ ಜಲಾಂತರ್ಗಾಮಿ ನೌಕೆಗಳಲ್ಲಿ ಕ್ಷಿಪಣಿಗಳನ್ನು ಇಡುವುದರ ಹಿಂದಿನ ತರ್ಕ ಇದೇ. ಶತ್ರುಗಳಿಗೂ ಪರಸ್ಪರ ಮಾತುಕತೆ ಅವಶ್ಯಕ ಎಂಬುದು ಮತ್ತೊಂದು ಪಾಠ. 1962ರ ಕ್ಯೂಬಾ ಬಿಕ್ಕಟ್ಟಿನ ಬಳಿಕ, 1963ರಲ್ಲಿ ವಾಷಿಂಗ್ಟನ್ ಮತ್ತು ಮಾಸ್ಕೋ ನಗರಗಳ ನಡುವೆ ನೇರ ಸಂಪರ್ಕದ ತಂತಿಯನ್ನು ಏರ್ಪಡಿಸಲಾಯಿತು.

ಪ್ರತಿಬಂಧ ನೀತಿಯ ತರ್ಕ ಚೊಕ್ಕಟವಾದುದು. ಆದರೆ ಅದನ್ನು ನಡೆಸುವವರು ಮನುಷ್ಯರು ಮತ್ತು ಯಂತ್ರಗಳು. 1962ರ ಅಕ್ಟೋಬರ್ 27ರಂದು ಕ್ಯೂಬಾದ ಸಮೀಪದಲ್ಲಿ ಅಮೆರಿಕದ ಯುದ್ಧನೌಕೆಗಳು ಸೋವಿಯತ್ ಜಲಾಂತರ್ಗಾಮಿಯೊಂದನ್ನು ಸುತ್ತುವರಿದಿದ್ದುವು. ಅದರೊಳಗೆ ಅಣ್ವಸ್ತ್ರ ತುಂಬಿದ ಟಾರ್ಪಿಡೋ ಇದ್ದಿತು. ನೌಕೆಯ ನಾಯಕನು ಅದನ್ನು ಸಿದ್ಧಪಡಿಸಲು ಮುಂದಾದಾಗ ವಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಅವನನ್ನು ತಡೆದು ಸಮಾಧಾನಪಡಿಸಿದನೆಂದು ಮುಂದೆ ಬಹಿರಂಗವಾದ ಹೇಳಿಕೆಗಳು ತಿಳಿಸುತ್ತವೆ. 1983ರ ಸೆಪ್ಟೆಂಬರ್ 26ರಂದು ಮಾಸ್ಕೋ ಬಳಿಯ ಎಚ್ಚರಿಕೆಯ ಕೇಂದ್ರವೊಂದರಲ್ಲಿ ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಯಂತ್ರಗಳು ಸೂಚಿಸಿದುವು. ಕರ್ತವ್ಯದಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್, ನಿಜವಾದ ದಾಳಿ ಐದೇ ಕ್ಷಿಪಣಿಗಳಿಂದ ಆರಂಭವಾಗಲಾರದೆಂದು ತರ್ಕಿಸಿ, ಅದು ಸುಳ್ಳು ಎಚ್ಚರಿಕೆಯೆಂದು ವರದಿ ಮಾಡಿದನು. ಅವನ ಊಹೆ ಸರಿಯಾಗಿತ್ತು. ಮೋಡಗಳ ಮೇಲಿನ ಸೂರ್ಯನ ಬೆಳಕಿನಿಂದ ಉಪಗ್ರಹಗಳು ಮೋಸಹೋಗಿದ್ದುವು. ಈ ಎರಡು ದಿನಗಳಲ್ಲಿ ಜಗತ್ತನ್ನು ಕಾಪಾಡಿದುದು ನೀತಿಯಲ್ಲ, ಒಬ್ಬೊಬ್ಬ ಮನುಷ್ಯನ ವಿವೇಕ.

ಮತ್ತೊಂದು ಅಂಶವೂ ಗಮನಾರ್ಹವಾಗಿದೆ. ಅಣ್ವಸ್ತ್ರವೇ ಇಲ್ಲದ ವಿಯೆಟ್ನಾಮಿನಲ್ಲಿ ಅಮೆರಿಕವೂ ಅಫ್ಘಾನಿಸ್ಥಾನದಲ್ಲಿ ಸೋವಿಯತ್ ಒಕ್ಕೂಟವೂ ವರ್ಷಗಟ್ಟಲೆ ಹೋರಾಡಿ ವಿಫಲವಾದುವು. ಅಷ್ಟಾದರೂ ಅವು ಅಣ್ವಸ್ತ್ರವನ್ನು ಬಳಸಲಿಲ್ಲ. ಎದುರಾಳಿಯ ಅಣ್ವಸ್ತ್ರದ ಭಯವೊಂದೇ ಇದಕ್ಕೆ ಕಾರಣವೆನ್ನಲು ಸಾಧ್ಯವಿಲ್ಲ. ಯುದ್ಧತಂತ್ರದ ಪಂಡಿತರಾದ ಶೆಲ್ಲಿಂಗ್ ಅವರೇ ಇದನ್ನು ಮನಗಂಡಿದ್ದರು. 2005ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ಪ್ರಶಸ್ತಿಯನ್ನು ಪಡೆದಾಗ ಅವರು ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯ ಹಿರೋಶಿಮಾದ ಅನಂತರದ ಅರುವತ್ತು ವರ್ಷಗಳು. ಆ ಅವಧಿಯ ಅತ್ಯಂತ ಮಹತ್ವದ ಘಟನೆ ನಡೆಯದೆ ಹೋದ ಘಟನೆಯೇ ಎಂದು ಅವರು ಪ್ರತಿಪಾದಿಸಿದರು. ಅಣ್ವಸ್ತ್ರವು ಉಳಿದ ಆಯುಧಗಳಂತಲ್ಲ, ಅದನ್ನು ಮುಟ್ಟಕೂಡದು ಎಂಬ ಅಲಿಖಿತ ನಿಷೇಧವೊಂದು ಜಗತ್ತಿನಲ್ಲಿ ಬೇರೂರಿದೆ; ಅದನ್ನು ನಿಧಿಯಂತೆ ಕಾಯಬೇಕು ಎಂಬುದು ಅವರ ಅಭಿಪ್ರಾಯದ ಸಾರ.

ಈ ಅಲಿಖಿತ ನಿಷೇಧವನ್ನು ಜನಮನದಲ್ಲಿ ಬಿತ್ತಿದವರು ಯಾರು? ಬಾಂಬಿನ ಬೆಂಕಿಯಿಂದ ಪಾರಾದ ಸಾಮಾನ್ಯ ಜನರ ಪಾಲು ಅದರಲ್ಲಿ ಬಹು ದೊಡ್ಡದು. ಜಪಾನೀ ಭಾಷೆಯಲ್ಲಿ ಅವರನ್ನು 'ಹಿಬಾಕುಷಾ' ಎಂದು ಕರೆಯುತ್ತಾರೆ. ಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ಅವರ ಪಾಡನ್ನು ಕೇಳುವವರಿರಲಿಲ್ಲ. ಜಪಾನನ್ನು ಆಳುತ್ತಿದ್ದ ಆಕ್ರಮಿತ ಸೇನೆಯ ನಿರ್ಬಂಧಗಳಿಂದ ಬಾಂಬಿನ ಪರಿಣಾಮಗಳ ಸುದ್ದಿ ಪತ್ರಿಕೆಗಳಲ್ಲಿ ಮುಕ್ತವಾಗಿ ಪ್ರಕಟವಾಗಲಿಲ್ಲ. ಸುಟ್ಟ ಗಾಯಗಳು ಮಾದರೂ ವಿಕಿರಣದಿಂದ ರಕ್ತದ ಕ್ಯಾನ್ಸರ್ ಮೊದಲಾದ ರೋಗಗಳು ಕಾಣಿಸಿಕೊಂಡುವು. ರೋಗದ ಹೆದರಿಕೆಯಿಂದ ಅವರಿಗೆ ಕೆಲಸ ಕೊಡಲೂ ಅವರೊಡನೆ ಸಂಬಂಧ ಬೆಳೆಸಲೂ ಜನ ಹಿಂಜರಿದರು. ಅನೇಕರು ತಾವು ಹಿಬಾಕುಷಾ ಎಂಬುದನ್ನೇ ಮರೆಮಾಡಿ ಬದುಕಿದರು.

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಜಲಜನಕ ಬಾಂಬೊಂದನ್ನು ಪರೀಕ್ಷಿಸಿತು. ಅದರ ವಿಕಿರಣಯುಕ್ತ ಬೂದಿ ದೂರದಲ್ಲಿದ್ದ ಜಪಾನೀ ಮೀನುಗಾರಿಕೆಯ ದೋಣಿಯೊಂದರ ಮೇಲೆ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ಅಸ್ವಸ್ಥರಾದರು. ಒಬ್ಬನು ಅದೇ ಸೆಪ್ಟೆಂಬರಿನಲ್ಲಿ ಅಸುನೀಗಿದನು. ಇದರಿಂದ ಜಪಾನಿನಾದ್ಯಂತ ಜನಜಾಗೃತಿ ಉಂಟಾಯಿತು. 1956ರ ಆಗಸ್ಟ್ 10ರಂದು ನಾಗಸಾಕಿಯಲ್ಲಿ ಹಿಬಾಕುಷಾ ಜನರು ಒಂದುಗೂಡಿ ನಿಹೋನ್ ಹಿಡಾಂಕ್ಯೊ ಸಂಸ್ಥೆಯನ್ನು ಸ್ಥಾಪಿಸಿದರು. ಅಣ್ವಸ್ತ್ರಗಳು ನಿರ್ಮೂಲವಾಗಬೇಕು, ಸಂತ್ರಸ್ತರಿಗೆ ಸರ್ಕಾರ ಪರಿಹಾರ ಕೊಡಬೇಕು ಎಂಬುವು ಅವರ ಮುಖ್ಯ ಬೇಡಿಕೆಗಳು. ಅವರಲ್ಲಿ ಸೈನ್ಯವಿರಲಿಲ್ಲ, ಅಧಿಕಾರವಿರಲಿಲ್ಲ. ಇದ್ದುದು ಕಂಡುಂಡ ನೋವಿನ ಸಾಕ್ಷ್ಯ ಮಾತ್ರ. 1982ರಲ್ಲಿ ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ಅಧಿವೇಶನದಲ್ಲಿ ನಾಗಸಾಕಿಯ ಸೆಂಜಿ ಯಮಗುಚಿ ಬೆಂದುಹೋಗಿದ್ದ ತಮ್ಮ ದೇಹದ ಚಿತ್ರವನ್ನು ಎತ್ತಿಹಿಡಿದು ಮಾತನಾಡಿದರು. ಅಂಕಿಅಂಶಗಳಲ್ಲಿ ಅಡಗಿದ್ದ ಸಾವಿಗೆ ಒಂದು ಮುಖ ದೊರೆಯಿತು.

2024ರ ಡಿಸೆಂಬರ್ 10ರಂದು ಓಸ್ಲೋ ನಗರದಲ್ಲಿ ಈ ಸಂಸ್ಥೆಗೆ ಶಾಂತಿ ಪ್ರಶಸ್ತಿಯನ್ನು ನೀಡಲಾಯಿತು. ಅಣ್ವಸ್ತ್ರವನ್ನು ಮತ್ತೆಂದೂ ಬಳಸಕೂಡದೆಂಬುದನ್ನು ಸಾಕ್ಷ್ಯದ ಮೂಲಕ ತೋರಿಸಿಕೊಟ್ಟುದಕ್ಕಾಗಿ ಈ ಗೌರವ ಸಂದಿತು. ಅಂದು ಉಪನ್ಯಾಸ ನೀಡಿದ 92 ವರ್ಷದ ತೆರುಮಿ ತನಾಕ, ನಾಗಸಾಕಿಯ ಮೇಲೆ ಬಾಂಬು ಬಿದ್ದಾಗ 13 ವರ್ಷದ ಬಾಲಕರಾಗಿದ್ದರು. ತಮ್ಮ ಬಂಧುಗಳಲ್ಲಿ ಐವರನ್ನು ಕಳೆದುಕೊಂಡಿದ್ದರು. ತಂತ್ರಜ್ಞನು ತರ್ಕದಿಂದ ಮುಟ್ಟಿದ ನಿರ್ಣಯವನ್ನು ಇವರು ಬದುಕಿನಿಂದ ಮುಟ್ಟಿದ್ದರು.

ಪ್ರಶಸ್ತಿಯೊಂದು ಕ್ಷಿಪಣಿಯನ್ನು ತಡೆಯಲಾರದು. ಅಣ್ವಸ್ತ್ರ ವಿರೋಧಿ ಪ್ರಯತ್ನಗಳಿಗಾಗಿ 1985ರಲ್ಲಿ ವೈದ್ಯರ ಅಂತರರಾಷ್ಟ್ರೀಯ ಸಂಘಕ್ಕೆ, 1995ರಲ್ಲಿ ಜೋಸೆಫ್ ರಾಟ್‌ಬ್ಲಾಟ್ ಮತ್ತು ಪಗ್‌ವಾಶ್ ವಿಜ್ಞಾನಿಗಳ ಸಮ್ಮೇಳನಕ್ಕೆ, 2017ರಲ್ಲಿ 'ಐಕಾನ್' ಸಂಘಟನೆಗೆ ಶಾಂತಿ ಪ್ರಶಸ್ತಿ ದೊರೆತಿದೆ. ಆದರೂ ಒಂಬತ್ತು ರಾಷ್ಟ್ರಗಳಲ್ಲಿ ಸುಮಾರು 12,000 ಅಣ್ವಸ್ತ್ರಗಳು ಉಳಿದಿವೆ. 2017ರಲ್ಲಿ 122 ರಾಷ್ಟ್ರಗಳು ಒಪ್ಪಿ, 2021ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಆ ಒಂಬತ್ತರಲ್ಲಿ ಒಂದೂ ಸೇರಿಲ್ಲ; ಜಪಾನ್ ಸಹ ಸೇರಿಲ್ಲ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ಕುರಿತು 1987ರಲ್ಲಿ ಮಾಡಿಕೊಂಡಿದ್ದ ಒಪ್ಪಂದ 2019ರಲ್ಲಿ ಕೊನೆಗೊಂಡಿತು. 2022ರಲ್ಲಿ ರಷ್ಯಾವು ಉಕ್ರೇನಿನ ಮೇಲೆ ದಾಳಿ ಮಾಡಿದ ಅನಂತರ ಅಣ್ವಸ್ತ್ರದ ಬೆದರಿಕೆಯ ಮಾತುಗಳು ಮತ್ತೆ ಕೇಳಿಬಂದುವು. ಭಾರತವು 1998ರಲ್ಲಿ ಪೋಖ್ರಾನಿನಲ್ಲಿ ಪರೀಕ್ಷೆಗಳನ್ನು ನಡೆಸಿದ ಬಳಿಕ, 2003ರಲ್ಲಿ ಪ್ರಕಟಿಸಿದ ನೀತಿಯಲ್ಲಿ, ಅಣ್ವಸ್ತ್ರವನ್ನು ತಾನಾಗಿ ಮೊದಲು ಬಳಸುವುದಿಲ್ಲವೆಂದು ಸಾರಿತು. ದಾಳಿಯಾದರೆ ಪ್ರತೀಕಾರ ಖಂಡಿತವೆಂದೂ ತಿಳಿಸಿತು. ಭಯ ಮತ್ತು ಸಂಯಮ ಎಂಬ ಎರಡು ಬೇಲಿಗಳೂ ಈ ಒಂದೇ ನೀತಿಯಲ್ಲಿ ಕಾಣುತ್ತವೆ.

ಮಹಾಭಾರತದ ಯುದ್ಧಾಂತ್ಯದಲ್ಲಿ ಅಶ್ವತ್ಥಾಮನೂ ಅರ್ಜುನನೂ ಬ್ರಹ್ಮಾಸ್ತ್ರವನ್ನು ಪ್ರಯೋಗಿಸಿದ ಪ್ರಸಂಗ ಬರುತ್ತದೆ. ಲೋಕ ಉರಿದುಹೋಗುವುದೆಂದು ಋಷಿಗಳು ನಡುವೆ ಬಂದು ನಿಂತಾಗ ಅರ್ಜುನನು ತನ್ನ ಅಸ್ತ್ರವನ್ನು ಹಿಂದಕ್ಕೆ ತೆಗೆದುಕೊಂಡನು. ಅಶ್ವತ್ಥಾಮನಿಗೆ ಬಿಡುವ ವಿದ್ಯೆ ತಿಳಿದಿತ್ತು, ಹಿಂತೆಗೆಯುವ ವಿದ್ಯೆ ತಿಳಿದಿರಲಿಲ್ಲ. ಅವನ ಅಸ್ತ್ರ ಇನ್ನೂ ಹುಟ್ಟದ ಶಿಶುವಿನತ್ತ ತಿರುಗಿತು. ಇಂದಿನ ಅಸ್ತ್ರವನ್ನು ಬಿಟ್ಟ ಮೇಲೆ ಹಿಂತೆಗೆಯಬಲ್ಲ ಅರ್ಜುನ ಯಾವ ದೇಶದಲ್ಲಿಯೂ ಇಲ್ಲ. ಬಿಡದಿರುವುದೊಂದೇ ಉಳಿದಿರುವ ವಿದ್ಯೆ.

ಆ ವಿದ್ಯೆಯನ್ನು ಕಲಿಸಿದವರ ಸಂಖ್ಯೆ ಕುಗ್ಗುತ್ತಿದೆ. 2025ರ ಮಾರ್ಚ್ ವೇಳೆಗೆ ಜಪಾನಿನಲ್ಲಿ ಬದುಕಿದ್ದ ಹಿಬಾಕುಷಾ ಜನರ ಸಂಖ್ಯೆ ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು 86 ವರ್ಷಗಳನ್ನು ದಾಟಿತ್ತು. ಇದನ್ನು ಮುಂಗಂಡ ಹಿರೋಶಿಮಾ ನಗರವು 2012ರಲ್ಲಿ ಒಂದು ಯೋಜನೆಯನ್ನು ಆರಂಭಿಸಿತು. ಅದರಂತೆ ಕಿರಿಯರು ಹಿಬಾಕುಷಾ ಹಿರಿಯರ ಬಳಿ ಕುಳಿತು ಅವರ ಅನುಭವವನ್ನು ವಿವರವಾಗಿ ಕೇಳಿ ಕಲಿತು, ಅವರ ಪರವಾಗಿ ಜನರಿಗೆ ಹೇಳುವ ತರಬೇತಿ ಪಡೆಯುತ್ತಾರೆ. ಭಯದ ಬೇಲಿಯನ್ನು ಸೇನಾನಿಗಳು ಕಾಯಬಹುದು. ನೆನಪಿನ ಬೇಲಿಯನ್ನು ಮಾತ್ರ ಪ್ರತಿಯೊಂದು ತಲೆಮಾರೂ ಹೊಸದಾಗಿ ಕಟ್ಟಿಕೊಳ್ಳಬೇಕು.