ಹಾಡಿನ ವೇಗ ತಗ್ಗಿಸಿದ ಡಿ.ಜೆ. ಸ್ಕ್ರೂ

ಡಿ.ಜೆ. ಸ್ಕ್ರೂ ಎಂದು ಹೆಸರಾದ ರಾಬರ್ಟ್ ಅರ್ಲ್ ಡೇವಿಸ್ ಜೂನಿಯರ್ ಹುಟ್ಟಿದ್ದು 1971ರ ಜುಲೈ 20ರಂದು, ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ. ಬಾಲ್ಯ ಕಳೆದದ್ದು ಸ್ಮಿತ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಲಾರಿ ಓಡಿಸುತ್ತಿದ್ದರು. ತಾಯಿಯ ಬಳಿ ಬ್ಲೂಸ್, ಸೋಲ್ ಸಂಗೀತದ ರೆಕಾರ್ಡುಗಳಿದ್ದವು. ಮಗ ಕೈ ಪಳಗಿಸಿಕೊಂಡದ್ದು ಅವುಗಳ ಮೇಲೆಯೇ. ಇಷ್ಟವಾಗದ ರೆಕಾರ್ಡು ಸಿಕ್ಕರೆ ಸ್ಕ್ರೂ ಮೊಳೆಯಿಂದ ಅದರ ಮೈಯನ್ನು ಗೀಚಿ ಕೆಡಿಸುತ್ತಿದ್ದನಂತೆ. ಅದನ್ನು ಕಂಡು ಸೋದರಸಂಬಂಧಿಯೊಬ್ಬ ಇಟ್ಟ ಅಡ್ಡಹೆಸರು ಕೊನೆತನಕ ಉಳಿಯಿತು.

ಹರೆಯದಲ್ಲಿ ಅವನು ಹ್ಯೂಸ್ಟನ್ನಿನ ದಕ್ಷಿಣ ಭಾಗಕ್ಕೆ ಬಂದು ನೆಲೆಸಿದ. ಆಗ ಹಿಪ್‌ಹಾಪ್ ಎಂದರೆ ನ್ಯೂಯಾರ್ಕ್, ಇಲ್ಲವೇ ಲಾಸ್ ಏಂಜಲೀಸ್. ದಕ್ಷಿಣದ ರಾಜ್ಯಗಳವರನ್ನು ಹಳ್ಳಿಗುಗ್ಗುಗಳೆಂದು ನೋಡುವುದೇ ವಾಡಿಕೆಯಾಗಿತ್ತು. 1995ರಲ್ಲಿ ನ್ಯೂಯಾರ್ಕಿನ ಸೋರ್ಸ್ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿ ಪ್ರಶಸ್ತಿ ಗೆದ್ದಾಗಲೂ ಸಭಿಕರು ಕೂಗಿ ಗೇಲಿ ಮಾಡಿದ್ದರು. ಹ್ಯೂಸ್ಟನ್ನಿನಲ್ಲಿ ಗೆಟೊ ಬಾಯ್ಸ್ ತಂಡವೂ ರ್‍ಯಾಪ್-ಎ-ಲಾಟ್ ಕಂಪನಿಯೂ ಅಷ್ಟಿಷ್ಟು ಹೆಸರು ಮಾಡಿದ್ದವು, ನಿಜ. ಆದರೆ ದೊಡ್ಡ ಕಂಪನಿಗಳಾಗಲಿ ರಾಷ್ಟ್ರಮಟ್ಟದ ರೇಡಿಯೊ ಆಗಲಿ ಅಲ್ಲಿಯ ಗಲ್ಲಿಯ ಹುಡುಗರನ್ನು ತಿರುಗಿ ನೋಡುತ್ತಿರಲಿಲ್ಲ. ಸ್ಕ್ರೂ ತನ್ನ ಮನೆಯನ್ನೇ ಸ್ಟುಡಿಯೊ, ಕಾರ್ಖಾನೆ, ಅಂಗಡಿ ಎಲ್ಲವನ್ನಾಗಿಯೂ ಮಾಡಿಕೊಂಡದ್ದಕ್ಕೆ ಈ ಉಪೇಕ್ಷೆಯೂ ಒಂದು ಕಾರಣ.

1990ರ ಸುಮಾರಿಗೆ ಅವನ ಕ್ಯಾಸೆಟ್‌ಗಳಲ್ಲಿ ಹಾಡುಗಳ ವೇಗ ತಗ್ಗತೊಡಗಿತು. ನಿಧಾನಗೊಳಿಸುವ ಯೋಚನೆ ಪೂರ್ತಿ ಅವನದಲ್ಲ. ಅದೇ ಊರಿನ ಡ್ಯಾರಿಲ್ ಸ್ಕಾಟ್ ಅದಕ್ಕೂ ಮೊದಲೇ ಇಂಥ ಪ್ರಯೋಗ ಮಾಡಿದ್ದ. ಸ್ಕ್ರೂ ಅದನ್ನೊಂದು ಶೈಲಿಯಾಗಿ ಬೆಳೆಸಿದ. ಮಾಡುತ್ತಿದ್ದುದು ಹೀಗೆ: ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದನ್ನು ಇನ್ನೊಂದಕ್ಕಿಂತ ಒಂದು ಬೀಟ್ ಹಿಂದೆ ಬಿಡುವುದು. ನಡುವೆ ಇರುವ ಕ್ರಾಸ್‌ಫೇಡರ್ ಎಂಬ ಜಾರುಗುಂಡಿಯನ್ನು ಆ ಬದಿಯಿಂದ ಈ ಬದಿಗೆ ಸರಕ್ಕನೆ ತಳ್ಳಿದರೆ ಈಗಷ್ಟೇ ಕೇಳಿದ ಮಾತು ಮತ್ತೊಮ್ಮೆ ಕೇಳುತ್ತದೆ. ಸಾಲು ತುಂಡಾದರೂ ತಾಳ ತಪ್ಪುವುದಿಲ್ಲ. ಇದು ‘ಚಾಪಿಂಗ್’. ವೇಗ ತಗ್ಗಿಸುವುದು ಮುಂದಿನ ಹಂತ. ಡಿ.ಜೆ.ಗಳ ಅಚ್ಚುಮೆಚ್ಚಿನ ಟೆಕ್ನಿಕ್ಸ್ 1200 ಯಂತ್ರದ ವೇಗವನ್ನು ಆಗ ಶೇ 8ಕ್ಕಿಂತ ಹೆಚ್ಚು ಇಳಿಸಲು ಬರುತ್ತಿರಲಿಲ್ಲ; ಸ್ಕ್ರೂಗೆ ಅಷ್ಟು ಸಾಲದು. ಅದಕ್ಕೇ ಇಡೀ ಮಿಕ್ಸನ್ನು ಮೊದಲು ಕ್ಯಾಸೆಟ್‌ಗೆ ತುಂಬಿಸಿ, ಅದನ್ನು ನಾಲ್ಕು ಟ್ರ್ಯಾಕ್‌ಗಳ ರೆಕಾರ್ಡರಿನಲ್ಲಿ ನಿಧಾನವಾಗಿ ಓಡಿಸಿ ಇನ್ನೊಂದು ಕ್ಯಾಸೆಟ್‌ಗೆ ಇಳಿಸಿಕೊಳ್ಳುತ್ತಿದ್ದ. ಟೇಪಿನ ವೇಗ ಇಳಿದರೆ ಶ್ರುತಿಯೂ ಇಳಿಯುತ್ತದೆ: ದನಿ ಗಡಸಾಗುತ್ತದೆ, ಬೇಸ್ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಸೆಲ್ ಮುಗಿಯುತ್ತ ಬಂದ ಟೇಪ್‌ರೆಕಾರ್ಡರಿನಲ್ಲಿ ಹಾಡು ಕೇಳಿದವರಿಗೆ ಆ ಸದ್ದಿನ ಅಂದಾಜು ಸಿಕ್ಕೀತು. ಆದರೆ ಇಲ್ಲಿ ಆ ಎಳೆತ ಒಂದೇ ಹದದಲ್ಲಿ ನಿಂತಿರುತ್ತದೆ.

ಆ ಸದ್ದಿಗೂ ಹ್ಯೂಸ್ಟನ್ನಿಗೂ ಹೊಂದಿಕೆಯಾಯಿತು. ಕಾರಿಲ್ಲದೆ ಬದುಕುವುದು ಕಷ್ಟವಾದ, ಹರಡಿಕೊಂಡ ಊರು ಅದು. ಹಳೆಯ ದೊಡ್ಡ ಕಾರುಗಳಿಗೆ ಮಿರಮಿರ ಮಿಂಚುವ ಬಣ್ಣ ಬಳಿದು, ಡಿಕ್ಕಿಯ ತುಂಬ ಸ್ಪೀಕರ್ ಜೋಡಿಸಿ, ಬೀದಿಯಲ್ಲಿ ಮೆಲ್ಲಗೆ ಸಾಗುವುದು ದಕ್ಷಿಣ ಭಾಗದ ಹುಡುಗರ ಶೋಕಿ. ಸ್ಕ್ರೂ ಟೇಪು ಆ ನಡಿಗೆಗೆ ಹೇಳಿಮಾಡಿಸಿದಂತಿತ್ತು. ಬೂದು ಬಣ್ಣದ ಮ್ಯಾಕ್ಸೆಲ್ ಕ್ಯಾಸೆಟ್, ಬೆಲೆ 10 ಡಾಲರ್. ಬೇಕಾದ ಹಾಡುಗಳ ಪಟ್ಟಿ ಕೊಟ್ಟು ತಮಗೆಂದೇ ಟೇಪು ಮಾಡಿಸಿಕೊಳ್ಳುವವರೂ ಇದ್ದರು. ರಾತ್ರಿ ಹೊತ್ತು ಮನೆಮುಂದೆ ನಿಲ್ಲುತ್ತಿದ್ದ ಕಾರುಗಳ ಸಾಲು ಕಂಡು ಪೊಲೀಸರು ಒಳಗೆ ಮಾದಕವಸ್ತುವಿನ ವ್ಯಾಪಾರ ನಡೆದಿದೆಯೆಂದೇ ಗುಮಾನಿಪಟ್ಟಿದ್ದರು. 1998ರಲ್ಲಿ ಅವನು ಸ್ಕ್ರೂಡ್ ಅಪ್ ರೆಕಾರ್ಡ್ಸ್ ಅಂಡ್ ಟೇಪ್ಸ್ ಎಂಬ ಅಂಗಡಿಯನ್ನೇ ತೆರೆದ.

ಬೇರೆಯವರ ಹಾಡು ನಿಧಾನಗೊಳಿಸಿದ್ದಷ್ಟೇ ಆಗಿದ್ದರೆ ಹೆಸರು ಇಷ್ಟು ದಿನ ಬಾಳುತ್ತಿರಲಿಲ್ಲ. ಸ್ಕ್ರೂ ಮನೆಯಲ್ಲಿ ಸೇರುತ್ತಿದ್ದ ಗೆಳೆಯರು ಒಬ್ಬರಾದ ಮೇಲೊಬ್ಬರು ಮೈಕ್ ಹಿಡಿದು, ತಮ್ಮ ಕೇರಿ, ತಮ್ಮ ಕಾರು, ತೀರಿಹೋದ ಸಂಗಾತಿಗಳ ಬಗ್ಗೆ ನಿಂತಲ್ಲೇ ಪ್ರಾಸ ಕಟ್ಟುತ್ತಿದ್ದರು. ಸ್ಕ್ರೂಡ್ ಅಪ್ ಕ್ಲಿಕ್ ಎಂಬ ಆ ಬಳಗದಿಂದ ಫ್ಯಾಟ್ ಪ್ಯಾಟ್, ಲಿಲ್ ಕೀಕ್, ಬಿಗ್ ಹಾಕ್, ಬಿಗ್ ಮೋ, ಜೀ-ರೋ ಮುಂತಾದವರು ಹೊರಬಂದರು. 1996ರಲ್ಲಿ ಗೆಳೆಯನೊಬ್ಬನ ಹುಟ್ಟುಹಬ್ಬಕ್ಕೆಂದು ಮಾಡಿದ ‘ಜೂನ್ 27’ ಟೇಪಿನಲ್ಲಿ ಈ ಆಶುಗಾಯನ ಅರ್ಧ ಗಂಟೆಗೂ ಮೀರಿ ಓಡುತ್ತದೆ. ಆ ತಾರೀಕನ್ನು ಹ್ಯೂಸ್ಟನ್ನಿನವರು ಇವತ್ತಿಗೂ ಆಚರಿಸುತ್ತಾರೆ.

ಈ ಸಂಗೀತದ ಮಾತು ಬಂದಾಗಲೆಲ್ಲ ಕೋಡೀನ್ ಬೆರೆತ ಕೆಮ್ಮಿನ ಸಿರಪ್ಪಿನ ಮಾತೂ ಬರುತ್ತದೆ. ತಂಪು ಪಾನೀಯಕ್ಕೆ ಅದನ್ನು ಬೆರೆಸಿ ಕುಡಿಯುವ ಚಟ ಆ ವಲಯದಲ್ಲಿ ಇದ್ದದ್ದು ನಿಜ. ಆದರೆ ನಿಧಾನಗತಿ ಹುಟ್ಟಿದ್ದೇ ಸಿರಪ್ಪಿನ ಅಮಲಿನಿಂದ ಎನ್ನುವ ವಿವರಣೆ ತೀರ ಸುಲಭದ್ದು. ರ್‍ಯಾಪರ್ ಹೇಳುವ ಪ್ರತಿ ಮಾತೂ ಕಿವಿಗೆ ಬೀಳಲಿ ಎಂಬುದೇ ಸ್ಕ್ರೂ ತಾನೇ ಕೊಡುತ್ತಿದ್ದ ಕಾರಣ. ಗಂಟೆಗಟ್ಟಲೆ ಎರಡು ತಟ್ಟೆಗಳನ್ನು ತಾಳ ತಪ್ಪದೆ ನಡೆಸುವುದು ಅಮಲಿನಲ್ಲಿ ತೇಲುವವರ ಕೆಲಸವೂ ಅಲ್ಲ. ಆದರೂ ಅವನ ಪ್ರಾಣ ತೆಗೆದದ್ದು ಅದೇ ಕೋಡೀನ್. 2000ದ ನವೆಂಬರ್ 16ರಂದು ಸ್ಟುಡಿಯೊದಲ್ಲೇ ಅವನು ಶವವಾಗಿ ಸಿಕ್ಕಿದ. ವಯಸ್ಸು 29. ಬಳಗಕ್ಕೂ ನೆಮ್ಮದಿಯಿರಲಿಲ್ಲ: ಫ್ಯಾಟ್ ಪ್ಯಾಟ್ 1998ರಲ್ಲಿ, ಅವನ ಅಣ್ಣತಮ್ಮಂದಿರಲ್ಲೊಬ್ಬನಾದ ಬಿಗ್ ಹಾಕ್ 2006ರಲ್ಲಿ ಗುಂಡೇಟಿಗೆ ಬಲಿಯಾದರು.

ಹ್ಯೂಸ್ಟನ್ ದೇಶದ ಕಿವಿಗೆ ಬಿದ್ದದ್ದು ಸ್ಕ್ರೂ ಹೋದ ಮೇಲೆ. ಉತ್ತರ ಭಾಗದ ಸ್ವಿಷಾಹೌಸ್ ಕಂಪನಿಯೂ ಇದೇ ಶೈಲಿಯ ಬೆನ್ನು ಹತ್ತಿತ್ತು. ಅಲ್ಲಿಂದ ಬಂದ ಮೈಕ್ ಜೋನ್ಸ್, ಪಾಲ್ ವಾಲ್, ಸ್ಲಿಮ್ ಥಗ್ 2005ರ ಹೊತ್ತಿಗೆ ಅಮೆರಿಕದಾದ್ಯಂತ ಮನೆಮಾತಾದರು. 2016ರ ‘ಮೂನ್‌ಲೈಟ್’ ಚಿತ್ರಕ್ಕೆ ಸಂಗೀತ ನೀಡಿದ ನಿಕೋಲಸ್ ಬ್ರಿಟೆಲ್, ಪಿಟೀಲು-ಪಿಯಾನೋಗಳ ವಾದ್ಯಸಂಗೀತವನ್ನೇ ಸ್ಕ್ರೂ ಪದ್ಧತಿಯಲ್ಲಿ ನಿಧಾನಗೊಳಿಸಿದ. ಸ್ಕ್ರೂನ ಸಾವಿರಕ್ಕೂ ಹೆಚ್ಚು ರೆಕಾರ್ಡುಗಳು ಹ್ಯೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಯೂಟ್ಯೂಬಿನಲ್ಲಿ ‘ಸ್ಲೋಡ್ ಅಂಡ್ ರಿವರ್ಬ್’ ಎಂಬ ಹಣೆಪಟ್ಟಿ ಹೊತ್ತು ಓಡಾಡುವ ಹಾಡುಗಳೂ ಈ ವಂಶದವೇ. ಹಿಂದಿಯಂತೆ ಕನ್ನಡದ ಸಿನಿಮಾ ಗೀತೆಗಳಿಗೂ ಈಗ ಇಂಥ ಅವತಾರಗಳಿವೆ, ಇಯರ್‌ಫೋನಿನಲ್ಲಿ ಅವನ್ನು ಕೇಳುವವರೂ ಇದ್ದಾರೆ. ಅಲ್ಲಿ ವೇಗ ಇಳಿದು ದನಿಗೆ ಗುಂಯ್‌ಗುಡುವಿಕೆ ಸೇರಿರುತ್ತದೆ, ಅಷ್ಟೆ. ಮಾತನ್ನು ಕತ್ತರಿಸಿ ಮರಳಿ ಕೇಳಿಸುವ ಚಾಪಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಸಾಫ್ಟ್‌ವೇರು ಇರುವಾಗ ಎರಡು ಟರ್ನ್‌ಟೇಬಲ್‌ಗಳ ಹಂಗೂ ಇಲ್ಲ.